ಉಳಿದದ್ದು ಹಂಚಿದಾಕಿಗೆ

ಶಾಂತಕ್ಕನ ಕೈಗೆ ಹೋದ ಯಾವ ತಿನಿಸೂ ಇಡಿಯಾಗಿ ಉಳಿಯುತ್ತಿರಲಿಲ್ಲ. ಒಂದು ಬಾಳೆಹಣ್ಣು ಕೊಟ್ಟರೂ ಎದುರಿಗಿದ್ದವರನ್ನೆಲ್ಲ ಕಣ್ಣಲ್ಲೇ ಎಣಿಸಿ, ಮುರಿದು ಹಂಚಿಬಿಡುವರು. ಪುಣೆಯ ಮಾರ್ಕೆಟ್ ಯಾರ್ಡಿನ ಹಿಂದಿನ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿ ಅವರದು. ಇಂಡಿ ಕಡೆಯವರು, ಒಂಟಿ ಜೀವ.

ನನಗೆ ಭಾಗಾಕಾರವೆಂದರೆ ಜ್ವರ. ಮರಾಠಿ ಶಾಲೆಯ ಟೀಚರು ಶೇಷ ಕೇಳುತ್ತ "ಬಾಕಿ ಕಿತಿ?" ಎಂದರೆ ನಾಲಿಗೆ ಒಣಗುತ್ತಿತ್ತು. ಅದಕ್ಕೇ ಶಾಂತಕ್ಕ ಆಟ ಹೂಡಿದರು. ಒಂದು ಮುಷ್ಟಿ ಶೇಂಗಾ ಸುರಿದು ಎಣಿಸಬೇಕು. ಬಟ್ಟಲೆಷ್ಟು ಎಂಬುದನ್ನು ಹಂಚುವವರೇ ಹೇಳಬೇಕು. ಎಲ್ಲ ಬಟ್ಟಲಿಗೂ ಸಮ ಹಾಕಿದ ಮೇಲೆ ಉಳಿದದ್ದು ಹಂಚಿದವರ ಬಾಯಿಗೆ. ಏನೂ ಉಳಿಯದಿದ್ದರೆ ಬಾಯಿಗೆ ಬರೀ ಗಾಳಿ. ಹೆಚ್ಚು ಉಳಿಸಿಕೊಳ್ಳುವ ಆಸೆಗೆ ಅಕ್ಕ, ತಮ್ಮ, ನಾನು ಮನಸ್ಸಿನಲ್ಲೇ ಭಾಗಿಸಲು ಕಲಿತೆವು.

"ಬಾಕಿ ಅನಬ್ಯಾಡವಾ, ಉಳಿದದ್ದು ಅನ್ನು. ಉಳಿಯೂದು ಭಾಳ ಚೊಲೋ," ಎನ್ನುವರು.

ಆಮೇಲೆ ಅವ್ವ ಆಸ್ಪತ್ರೆ ಸೇರಿದಳು. ಅಪ್ಪ ಹಗಲೆಲ್ಲ ಯಾರ್ಡಿನಲ್ಲಿ ಮೂಟೆ ಹೊತ್ತು, ಸಂಜೆ ಅವಳ ಹತ್ತಿರ ಓಡುತ್ತಿದ್ದ. ನಮ್ಮ ಗತಿ ಏನೆಂದು ಮಾತಾಡಲು ವಾಕಡದ ಮಾವ, ಹಡಪಸರದ ದೊಡ್ಡಪ್ಪ ಬಂದು ಕೂತರು. "ಒಬ್ಬೊಬ್ರನ್ನ ಒಯ್ತೀವಿ. ಹೆಚ್ಚಿಗಿ ಆಗಂಗಿಲ್ಲ," ಎಂದ ದೊಡ್ಡಪ್ಪ.

ಬಾಗಿಲ ಹಿಂದೆ ನಿಂತು ಲೆಕ್ಕ ಹಾಕಿದೆ. ಮೂರು ಮಕ್ಕಳು, ಎರಡು ಮನೆ. ಅಕ್ಕ ಮನೆಗೆಲಸಕ್ಕೆ ಆಗುತ್ತಾಳೆ, ತಮ್ಮನೋ ಗಂಡು, ಸಣ್ಣವ. ಅಷ್ಟು ಬೇಗ ಉತ್ತರ ಸಿಕ್ಕಿಬಿಟ್ಟಿತು: ಉಳಿಯುವಾಕಿ ನಾನು.

ಚಹಾ ತಂದ ಶಾಂತಕ್ಕ ಲೋಟ ಕೊಡುತ್ತ, "ಹಂಗಾರ ಹಿರೇಕಿನ್ನ ಮಾವ ಒಯ್ಲಿ, ಸಣ್ಣವನ್ನ ದೊಡ್ಡಪ್ಪ ಒಯ್ಲಿ," ಎಂದರು. ನನ್ನ ಹೆಸರು ಬರಲಿಲ್ಲ.

"ನಡುವಿನಾಕಿ?" ಅಪ್ಪ ಕೇಳಿದ.

"ಹಂಚಿದಾಕಿ ಯಾರ್ರಿ? ನಾ. ಉಳಿದದ್ದು ನಂದು." ಬಾಗಿಲತ್ತ ತಿರುಗಿ, "ಬಾ ಹೊರಗ," ಎಂದರು.

ಅವ್ವ ವಾಸಿಯಾಗಿ ಮನೆಗೆ ಬರುವವರೆಗೆ ಅವರ ಮಗ್ಗುಲಲ್ಲೇ ಮಲಗಿದೆ. ಆದರೂ ಹೆದರಿಕೆ ಬಿಡಲಿಲ್ಲ. ಅವರು ನಲ್ಲಿಗೆ ಹೊರಟರೂ ಸೆರಗು ಹಿಡಿದು ಹಿಂದೆ ಹೋಗುತ್ತಿದ್ದೆ.

ಹೋದ ವರ್ಷ ಶಾಂತಕ್ಕ ತೀರಿಕೊಂಡರು. ಈಗ ನನ್ನ ಮಗಳಿಗೂ ಅದೇ ಆಟ ಕಲಿಸಿದ್ದೇನೆ. ನಿನ್ನೆ ಅವಳು ಹಂಚಿದಾಗ ಒಂದೇ ಒಂದು ಶೇಂಗಾ ಉಳಿಯಿತು. ಎತ್ತಿಕೊಂಡವಳು ನನ್ನ ಮುಖ ನೋಡಿ ಅಳುಕಿದಳು.

"ಯಾಕ ಮಮ್ಮಿ, ಇದು ನಂದ ಅಲ್ಲೇನ?"

"ನಿಂದ ಅದವಾ," ಎಂದೆ. "ಗಟ್ಟಿ ಹಿಡ್ಕೋ."