ಕುಣಿಗಲ್ ರೂಟಿನಲ್ಲಿ ಇರಲಿಲ್ಲ

ಚೇಳೂರಿನಿಂದ ಗುಬ್ಬಿ ಮೇಲೆ ತುಮಕೂರಿಗೆ ಓಡಾಡುವ ಖಾಸಗಿ ಬಸ್ಸಿನ ಕಂಡಕ್ಟರ್ ಚನ್ನವೀರಯ್ಯನಿಗೆ ವರ್ಷದಲ್ಲಿ ಹನ್ನೊಂದು ತಿಂಗಳು ಟಿಕೆಟ್ ಹರಿಯುವ ಕೆಲಸ. ಎಸೆಸೆಲ್ಸಿ ಫಲಿತಾಂಶ ಬಂದ ಮೇಲಿನ ಒಂದು ತಿಂಗಳು ಮಾತ್ರ ಆ ಸೀಮೆಗೆಲ್ಲ ವಿದ್ಯಾಮಂತ್ರಿಯ ಪದವಿ. ಒಂದು ಕಾಲು ಫುಟ್‌ಬೋರ್ಡಿನ ಮೇಲೆ, ಇನ್ನೊಂದು ಗಾಳಿಯಲ್ಲಿ, ಬಾಯಲ್ಲಿ ಸೀಟಿ. ಅದೇ ಅವನ ಸಿಂಹಾಸನ. ಮಗನನ್ನು ಕಾಮರ್ಸಿಗೆ ಹಾಕಬೇಕೋ ಡಿಪ್ಲೊಮಾಕ್ಕೋ, ಮಗಳಿಗೆ ಗುಬ್ಬಿ ಸಾಕೋ ತುಮಕೂರೇ ಆಗಬೇಕೋ ಎಂದು ಹೆತ್ತವರು ಚಿಲ್ಲರೆಯ ಜೊತೆಗೆ ಪ್ರಶ್ನೆಯನ್ನೂ ಅವನ ಕೈಗಿಡುತ್ತಿದ್ದರು.

ಅವನ ಸ್ವಂತ ವಿದ್ಯೆ ಎಸೆಸೆಲ್ಸಿ. ಅದೂ ಎರಡನೇ ದಂಡಯಾತ್ರೆಯಲ್ಲಿ ಗೆದ್ದದ್ದು. ಆದರೆ ಇಪ್ಪತ್ತೆರಡು ವರ್ಷ ಹುಡುಗರನ್ನು ಹತ್ತಿಸಿ ಇಳಿಸಿದವನಿಗೆ ಪ್ರಾಸ್ಪೆಕ್ಟಸ್ ಯಾಕೆ ಬೇಕು? ಯಾವ ಕಾಲೇಜಿನವರು ಮುದುಕಿಗೆ ಸೀಟು ಬಿಡುತ್ತಾರೆ, ಯಾವ ಕಾಲೇಜಿನವರು ಪರೀಕ್ಷೆಯ ದಿನವೂ ಕಿಟಕಿಯ ಗಾಜಿನಲ್ಲಿ ಕ್ರಾಪು ತಿದ್ದುತ್ತಾರೆ, ಯಾವ ಕಾಲೇಜಿನವರು ಮೂರನೇ ತಿಂಗಳಿಗೇ ನಗು ಮರೆಯುತ್ತಾರೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ನಗು ಮರೆಸುವ ಕಾಲೇಜಿಗೆ ಅವನು ಯಾರನ್ನೂ ಕಳಿಸುತ್ತಿರಲಿಲ್ಲ. ಅವನ ಮಾತು ಸುಳ್ಳಾದದ್ದೂ ಕಡಿಮೆ.

ಇಂಥ ಮಹಾಶಯನ ಒಬ್ಬಳೇ ಮಗಳು ಸಿಂಚನಾ ಈ ಸಲ ಎಂಬತ್ತೊಂದು ಪರ್ಸೆಂಟ್ ತೆಗೆದಳು. ಅಪ್ಪನ ತೀರ್ಪು ಎರಡು ವರ್ಷ ಹಿಂದೆಯೇ ಸಿದ್ಧವಾಗಿತ್ತು: ತುಮಕೂರಿನ ಕಾಲೇಜು, ಸೈನ್ಸು, ಏಳೂಮುಕ್ಕಾಲರ ಟ್ರಿಪ್ಪು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದಂದಿನಿಂದ ಅವನ ಬಸ್ಸಿನಲ್ಲಿ ಬಳೆಯ ಸದ್ದೇ ಅಡಗಿತ್ತು. ಮಗಳು ಡ್ರೈವರ್ ಹಿಂದಿನ ಕಿಟಕಿ ಸೀಟಿನಲ್ಲಿ ಕೂತು ದಿನಾ ತನ್ನ ಜೊತೆ ಬರುತ್ತಾಳೆ ಎಂಬ ಕನಸು ಅವನದು. ಅದನ್ನು ಯಾರಿಗೂ ಹೇಳಿರಲಿಲ್ಲ; ತನಗೆ ತಾನೇ ಸರಿಯಾಗಿ ಹೇಳಿಕೊಂಡಿರಲಿಲ್ಲ.

ಊಟದ ತಟ್ಟೆಯ ಮುಂದೆ ಸಿಂಚನಾ ಬಾಂಬು ಹಾಕಿದಳು. "ನಾನು ಕುಣಿಗಲ್‌ಗೆ ಹೋಗ್ತೀನಿ. ಐಟಿಐ, ಫಿಟ್ಟರ್. ಚಿಕ್ಕಮ್ಮನ ಮನೇಲಿ ಇರ್ತೀನಿ."

ಕುಣಿಗಲ್ ಅವನ ರೂಟಿನಲ್ಲೇ ಇಲ್ಲ. ತನ್ನ ರೂಟಿನಲ್ಲಿಲ್ಲದ ಊರಿನಲ್ಲಿ ವಿದ್ಯೆ ಇರುವುದಾದರೂ ಹೇಗೆ? ಅದರ ಮೇಲೆ ಆ ಫಿಟ್ಟರ್ ಎಂಬ ಪದ ಬೇರೆ. ಈ ಕಡೆ ಫಿಟ್ಟಿಂಗ್ ಇಡುವುದೆಂದರೆ ಇಲ್ಲಿನ ಮಾತು ಅಲ್ಲಿಗೆ, ಅಲ್ಲಿನದು ಇಲ್ಲಿಗೆ ಸೇರಿಸಿ ಜಗಳ ಹೊತ್ತಿಸುವುದು. ಬೆಳಗಾಗುವುದರೊಳಗೆ ಸುದ್ದಿ ಡ್ರೈವರ್ ಗುಂಡಯ್ಯನಿಗೆ ಮುಟ್ಟಿತ್ತು. "ಫಿಟ್ಟಿಂಗ್ ಇಡೋದು ಕಲಿಯಕ್ಕೆ ಎರಡು ವರ್ಷ ಯಾಕಯ್ಯ? ನಮ್ಮತ್ತೆ ತಾವ ಬುಡು, ಎರಡು ದಿನಕ್ಕೆ ಪಾಸಾಯ್ತಾಳೆ," ಎಂದ. ಬಸ್ಸೆಲ್ಲ ನಕ್ಕಿತು. ಚನ್ನವೀರಯ್ಯನೂ ನಕ್ಕ; ನಗುತ್ತಲೇ ಒಬ್ಬನಿಗೆ ಎರಡು ಟಿಕೆಟ್ ಹರಿದುಕೊಟ್ಟ.

ಮೂರು ದಿನ ಮನೆಯಲ್ಲಿ ಕುರುಕ್ಷೇತ್ರ. ಆಯಿಲ್ಲು, ಕಬ್ಬಿಣ, ಹೆಣ್ಣು ಮಗು ಎಂದು ಅವನು ಬಾಣ ಬಿಟ್ಟ. ಹಿಂದಿನ ಬೇಸಿಗೆಯಲ್ಲಿ ಬಸ್ಸಿನ ಬಾಗಿಲಿನ ಚಿಲಕ ಅರದಿಂದ ಉಜ್ಜಿ ಕೂರಿಸಿದ್ದು ಯಾರೆಂದು ಮಗಳು ನೆನಪಿಸಿದಳು. ಹೆಂಡತಿ ಸರ್ವಮಂಗಳ ಯಾರ ಪಕ್ಷವನ್ನೂ ಸೇರದೆ ಒಂದೇ ಮಾತು ಆಡಿದಳು: "ಊರ ಮಕ್ಳಿಗೆಲ್ಲ ನೋಡಿ ಹೇಳ್ತೀರಿ. ನಿಮ್ಮ ಮಗಳಿಗೆ ಮಾತ್ರ ನೋಡ್ದೇನೇ ಬೈತೀರಲ್ಲ."

ನಾಲ್ಕನೇ ದಿನ ಚನ್ನವೀರಯ್ಯ ರಜೆ ಹಾಕಿ, ಯಾರಿಗೂ ಹೇಳದೆ ಕುಣಿಗಲ್ ಬಸ್ಸು ಹತ್ತಿದ. ಐಟಿಐ ವರ್ಕ್‌ಶಾಪಿನಲ್ಲಿ ಸಾಲಾಗಿ ನಿಂತ ಮಕ್ಕಳು ಕಬ್ಬಿಣ ಉಜ್ಜುತ್ತಿದ್ದರು. ಜಡೆ ಎತ್ತಿ ಕಟ್ಟಿದ ಒಬ್ಬ ಹುಡುಗಿ ಚೌಕದ ತೂತಿರುವ ತಗಡಿನೊಳಗೆ ಚೌಕದ ತುಂಡೊಂದನ್ನು ಕೂರಿಸಿ, ಕಿಟಕಿಗೆ ಹಿಡಿದು ನೋಡುತ್ತಿದ್ದಳು. ಇವನು ಇಣುಕಿದ್ದು ಕಂಡು ಅವನ ಕೈಗೇ ಕೊಟ್ಟಳು.

"ಸಂದೀಲಿ ಬೆಳಕು ಬಂದ್ರೆ ಮತ್ತೆ ಉಜ್ಬೇಕು ಅಂಕಲ್. ಇದಕ್ಕೆ ಹನ್ನೊಂದು ದಿನ ಆಯ್ತು."

ಅವನು ಒಂದು ಕಣ್ಣು ಮುಚ್ಚಿ ನೋಡಿದ. ಒಂದು ಎಳೆ ಬೆಳಕೂ ಇಲ್ಲ. ಹನ್ನೊಂದು ದಿನ ಒಂದೇ ತುಂಡು ಉಜ್ಜಿಯೂ ಹುಡುಗಿ ನಗುತ್ತಿದ್ದಳು.

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ, ಕುಣಿಗಲ್‌ಗೆ ಹೋಗಿದ್ದೆ, ಚೆನ್ನಾಗಿಯೇ ಇದೆ, ಆದರೂ ಬೇಡ ಎಂದ. ಯಾಕೆ ಎಂದು ಮಗಳು ಕೇಳಿದಳು. ಅವನು ಆಗ ಚಪ್ಪಲಿ ಬಿಡತೊಡಗಿದ. ಸಿಂಚನಾ ಅವನ ಮುಖವನ್ನೇ ನೋಡಿದಳು.

"ದಿನಾ ನಿನ್ನ ಬಸ್ಸಿಗೆ ಬರಲ್ಲ ಅಂತ ತಾನೆ, ಅಪ್ಪ?"

ಸೀಮೆಗೆಲ್ಲ ಉತ್ತರ ಕೊಟ್ಟವನು ಅಂಗಿ ಜೇಬಿನಲ್ಲಿ ಏನನ್ನೋ ಹುಡುಕಿದ. ಅಲ್ಲಿ ಸೀಟಿ ಬಿಟ್ಟರೆ ಏನೂ ಇರಲಿಲ್ಲ. ಸರ್ವಮಂಗಳ ಒಳಗೆ ಹೋದಳು. ಅವನು ಮಗಳು ತುಂಬಿಟ್ಟಿದ್ದ ಐಟಿಐ ಅರ್ಜಿಗೆ ಕೈ ಚಾಚಿದ. ಸಹಿ ಹಾಕುವಾಗ ಚನ್ನವೀರಯ್ಯ ಎಂಬ ಹೆಸರು ಎಂದಿಗಿಂತ ಉದ್ದವಾಗಿತ್ತು.

"ಶನಿವಾರ ಶನಿವಾರ ಬರ್ತೀನಿ," ಎಂದಳು ಸಿಂಚನಾ. "ತುಮಕೂರಿಂದ ನಿನ್ನ ಬಸ್ಸಿಗೇ ಹತ್ತುತೀನಿ."

"ಸರ್ಕಾರಿ ಬಸ್ಸು ಫ್ರೀ ಐತಲ್ಲೇ."

"ಅದ್ರಲ್ಲಿ ನಿಂತ್ಕೊಂಡು ಬರ್ಬೇಕು ಕಣಪ್ಪ."

ಶನಿವಾರದ ಸಂಜೆ ಟ್ರಿಪ್ಪನ್ನು ತುಮಕೂರು ಸ್ಟ್ಯಾಂಡಿನಲ್ಲಿ ಎಷ್ಟು ಹೊತ್ತು ನಿಲ್ಲಿಸಿಕೊಳ್ಳಬಹುದೆಂದು ಗುಂಡಯ್ಯನನ್ನು ಕೇಳಬೇಕು ಎಂದುಕೊಳ್ಳುತ್ತ ಚನ್ನವೀರಯ್ಯ ತಲೆ ಬಗ್ಗಿಸಿ, ಪೆನ್ನಿನ ಮುಚ್ಚಳ ಹುಡುಕತೊಡಗಿದ.