ಗೀರು ಹಾಕದೆ ಬಿಟ್ಟ ಎರಡು ಸ್ಟಡ್

ಗ್ಯಾರೇಜುಗಳ ಆ ಓಣಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಲೇತಕ್ಕ ಎಂದೇ. ಅಪ್ಪನಿಂದ ಬಂದ ಹಳೆಯ ಲೇತ್ ಒಂದು, ಅಪ್ಪನಿಂದಲೇ ಬಂದ ಕೋಪ ಒಂದು. ಎರಡನ್ನೂ ಇಪ್ಪತ್ತಾರು ವರ್ಷಗಳಿಂದ ತುಕ್ಕು ಹಿಡಿಯಲು ಬಿಡದೆ ನೋಡಿಕೊಂಡು ಬಂದಿದ್ದಾಳೆ. ಗಿರಿಜಾ ಮೀಸೆಯ ಮೆಕ್ಯಾನಿಕ್‌ಗಳೂ ಅವಳ ಬಾಗಿಲಲ್ಲಿ ಗಪ್‌ಚುಪ್ಪಾಗಿ ನಿಲ್ಲುತ್ತಾರೆ. "ಲೇತಕ್ಕಾ, ಅರ್ಜೆಂಟು" ಎಂದವರ ಕೆಲಸ ಸಂಜೆಗೆ, ಸುಮ್ಮನೆ ನಿಂತವರದು ಮಧ್ಯಾಹ್ನಕ್ಕೆ.

ಅವಳ ಅಂಗಡಿಗೆ ಒಂದು ಕಾನೂನಿದೆ. ಅಳತೆ ನೋಡಲೆಂದು ಮಾಡುವ ಮಾದರಿ ತುಂಡುಗಳು ಮೆತ್ತನೆಯ ಕಬ್ಬಿಣದವು. ಕಣ್ಣಿಗೆ ಅಸಲಿಯ ಹಾಗೆಯೇ ಕಂಡರೂ ಗಾಡಿಗೆ ಹಾಕಿದರೆ ಭಾರಕ್ಕೆ ಜಗ್ಗುತ್ತವೆ. ಅದಕ್ಕೇ ಮಾದರಿ ಮುಗಿದ ಕೂಡಲೇ ಅದರ ತಲೆಯ ಮೇಲೆ ಗರಗಸದಿಂದ ಒಂದು ಗೀರು. ಗೀರಿದ್ದದ್ದನ್ನು ಯಾರೂ ಗಾಡಿಗೆ ಹಾಕುವಂತಿಲ್ಲ.

ಅವಳ ತಮ್ಮನ ವ್ಯಾನು ತಮ್ಮನಿಗಿಂತ ಎರಡು ವರ್ಷ ದೊಡ್ಡದು. ಆ ಕಾಲದ ಗಾಡಿಯಾದ್ದರಿಂದ ಎಡಗಡೆ ಚಕ್ರಗಳ ನಟ್‌ಗಳು ಉಲ್ಟಾ. ಬಿಚ್ಚಬೇಕಾದರೆ ಬಲಕ್ಕೆ ತಿರುಗಿಸಬೇಕು. ಇದು ಗೊತ್ತಿಲ್ಲದ ಪಂಕ್ಚರ್ ಅಂಗಡಿಯವನೊಬ್ಬ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎಡಕ್ಕೆ ತುಳಿದೇ ತುಳಿದ. ಚಕ್ರವನ್ನು ಅಚ್ಚಿನ ತುದಿಯ ಹಬ್‌ಗೆ ಹಿಡಿದಿಡುವ ಐದು ಸ್ಟಡ್‌ಗಳಲ್ಲಿ ಎರಡು ಮುರಿದವು, ಮೂರನೆಯದರ ಥ್ರೆಡ್, ಅಂದರೆ ತಿರುಪಿನ ಗೆರೆ, ಕಿತ್ತುಹೋಯಿತು. ಅಂಥ ಸ್ಟಡ್ ಈಗ ಯಾವ ಅಂಗಡಿಯಲ್ಲೂ ಇಲ್ಲ. ಲೇತಕ್ಕ ಎರಡು ಮಾದರಿ ಮಾಡಿ, ಹಬ್‌ಗೆ ಕೂರಿಸಿ ಅಳತೆ ನೋಡಿ ತೆಗೆದು, ಗಟ್ಟಿ ಉಕ್ಕಿನಲ್ಲಿ ಮೂರು ಮಾಡಿಕೊಡಲು ದೂರದ ಕಾರ್ಖಾನೆಗೆ ಬರೆದಳು.

ಆ ಎರಡು ಮಾದರಿಗಳ ಉಲ್ಟಾ ಥ್ರೆಡ್ ಎಷ್ಟು ಚೆಂದ ಬಂದಿತ್ತೆಂದರೆ, ಗರಗಸ ಎತ್ತಿಕೊಂಡವಳು ಹಾಗೇ ಕೆಳಗಿಟ್ಟಳು. ನಾಳೆ ಹಾಕಿದರಾಯಿತು ಅಂದುಕೊಂಡಳು. ಕಪಾಟಿನಲ್ಲಿ ಎದುರಿಗೇ ನಿಲ್ಲಿಸಿ, ಕೆಲಸದ ನಡುವೆ ಎರಡು ಸಲ ಹೋಗಿ ನೋಡಿಯೂ ಬಂದಳು. ಈ ವಯಸ್ಸಿನಲ್ಲಿ ಅವಳಿಗೆ ಇಂಥ ಹುಚ್ಚಿದೆಯೆಂದರೆ ಓಣಿಯಲ್ಲಿ ಯಾರೂ ನಂಬಲಾರರು.

ನಾಲ್ಕನೆಯ ದಿನ ಬೆಳಿಗ್ಗೆ ಕಾರ್ಖಾನೆಯಿಂದ ಪಾರ್ಸೆಲ್ ಬಂತು. ಹೊಸ ಸ್ಟಡ್‌ಗಳನ್ನು ಮಾದರಿಯ ಜೊತೆ ಇಟ್ಟು ನೋಡೋಣವೆಂದು ಕಪಾಟಿಗೆ ಕೈ ಹಾಕಿದರೆ ಅಲ್ಲಿ ಮಾದರಿಗಳಿಲ್ಲ. ಅವುಗಳ ಜಾಗದಲ್ಲಿ ಒಂದು ಚೀಟಿ: "ಅಕ್ಕಾ, ಸ್ಟಡ್ ಸಿಕ್ಕಿತು, ಹಾಕಿಕೊಂಡೆ. ಅಮ್ಮನ ಕಣ್ಣಿನ ಆಪರೇಷನ್‌ಗೆ ಇವತ್ತೇ ಬರಹೇಳಿದ್ದಾರೆ. ಹೊರಟೆವು."

ತಮ್ಮನ ಅಕ್ಷರ; ಅಂಗಡಿಯ ಇನ್ನೊಂದು ಬೀಗದ ಕೈ ಅವನ ಹತ್ತಿರವೇ ಇತ್ತು. ಆಸ್ಪತ್ರೆ ಇರುವುದು ಪಕ್ಕದ ಊರಿನಲ್ಲಿ. ನಡುವೆ ರೈಲ್ವೆ ಗೇಟು, ಗೇಟು ದಾಟಿದ ಮೇಲೆ ಮೂರು ಮೈಲಿ ಒಂದೇ ಸಮ ಇಳಿಜಾರು. ತಮ್ಮನಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಹೆದರಿಸಿದವಳು ಅವಳೇ. ಅಮ್ಮನ ಫೋನು ಮನೆಯಲ್ಲೇ ಬಡಿದುಕೊಳ್ಳುತ್ತಿರಬೇಕು. ಮೂರು ಸ್ಟಡ್, ಸುತ್ತಿಗೆ, ವಾಷರ್, ಯಾಕೆಂದು ಗೊತ್ತಿಲ್ಲದೆ ಗರಗಸ, ಕೈಗೆ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುರುಕಿ, ಬಾಗಿಲನ್ನೂ ಎಳೆಯದೆ ಸ್ಕೂಟರ್ ಹತ್ತಿದಳು.

ದಾರಿಯುದ್ದಕ್ಕೂ ತಮ್ಮನಿಗೆ ಸಹಸ್ರನಾಮ. ಕೇಳದೆ ಮುಟ್ಟಿದ್ದಕ್ಕೆ, ಹುಟ್ಟಿದ್ದಕ್ಕೆ. ಬೈಗುಳ ನಿಂತ ಕಡೆಯೆಲ್ಲ ಕಣ್ಣ ಮುಂದೆ ಆ ಚಕ್ರವೇ ಬರುತ್ತಿತ್ತು, ಅದರ ಪಕ್ಕದ ಸೀಟಿನಲ್ಲಿ ಅಮ್ಮ ಬರುತ್ತಿದ್ದಳು. ಹಾಗಾಗಿ ಲೇತಕ್ಕ ಮತ್ತೆ ಬೈಯುತ್ತಿದ್ದಳು.

ಗೇಟು ಹಾಕಿತ್ತು. ಲಾರಿ, ಬಸ್ಸುಗಳ ಸಾಲಿನ ಮುಂದಿನ ತುದಿಯಲ್ಲಿ ವ್ಯಾನಿನ ನೀಲಿ ಬೆನ್ನು ಕಂಡು ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ರೈಲು ದಾಟಿತು, ಗೇಟು ಎದ್ದಿತು, ವ್ಯಾನು ಹೊರಟೇಬಿಟ್ಟಿತು. ಲೇತಕ್ಕ ಮಣ್ಣಿಗಿಳಿದು ಸಾಲಿನ ಎಡಕ್ಕೇ ಸ್ಕೂಟರ್ ನುಗ್ಗಿಸಿದಳು. ಹಳಿ ದಾಟುವಾಗ ಸ್ಪಷ್ಟವಾಗಿ ನೋಡಿದಳು: ಮುಂದಿನ ಎಡ ಚಕ್ರ ವಾಲಾಡುತ್ತಿದೆ, ಸುತ್ತಿಗೊಮ್ಮೆ ಟಕ್ ಅನ್ನುತ್ತಿದೆ. ಎದುರಿಗೆ ಇಳಿಜಾರು.

"ನಿಲ್ಸೋ! ಲೋ, ನಿಲ್ಸೋ!"

ತಮ್ಮನಿಗೆ ಇಂಜಿನ್ ಸದ್ದು ಬಿಟ್ಟು ಬೇರೇನೂ ಕೇಳದು. ಕಿಟಕಿಯ ಪಕ್ಕ ಕೂತಿದ್ದ ಅಮ್ಮನಿಗೆ ಪೊರೆ ಬಂದ ಕಣ್ಣಿನಲ್ಲಿ ಏನೂ ಕಾಣದು, ಆದರೆ ಕಿವಿ ಚುರುಕು.

"ಲೋ, ಅದು ನಿಮ್ಮಕ್ಕನ ಗಂಟಲು ಕಣೋ. ನಿಲ್ಸು ಮೊದ್ಲು!"

ವ್ಯಾನು ಇಳಿಜಾರಿನ ನೆತ್ತಿಯಲ್ಲಿ ನಿಂತಿತು.

ಲೇತಕ್ಕ ಸ್ಕೂಟರ್ ನಿಲ್ಲಿಸಿ ಚೀಲ ಇಳಿಸಿದಳು. ಜಾಕ್ ಕೊಟ್ಟು ಚಕ್ರ ಬಿಚ್ಚಿದಳು. ಎರಡು ಮಾದರಿಗಳ ನಟ್ ಬೆರಳಿಗೇ ಬಿಚ್ಚಿಕೊಂಡವು. ಒಂದರ ಕತ್ತು ಎಳೆದು ಎಳೆದು ಬೆಂಡಾಗಿತ್ತು. ಆ ಚೆಂದದ ಥ್ರೆಡ್‌ಗಳು ಅಲ್ಲಿ ಒಂದಕ್ಕೊಂದು ದೂರ ಸರಿದಿದ್ದವು. ತಮ್ಮ ಅದನ್ನು ನೋಡಿ, ಇಳಿಜಾರು ನೋಡಿ, ಅಲ್ಲೇ ಕುಕ್ಕರಗಾಲಲ್ಲಿ ಕೂತ.

ಮಾದರಿ ಎರಡನ್ನೂ ಥ್ರೆಡ್ ಕಿತ್ತ ಮೂರನೆಯದನ್ನೂ ಸುತ್ತಿಗೆಯಿಂದ ಹೊರಗೆ ಬಡಿದು, ಹೊಸದನ್ನು ಹಿಂದಿನಿಂದ ತೂರಿಸಿ, ವಾಷರ್ ಇಟ್ಟು ನಟ್ ತಿರುಗಿಸಿ ಒಂದೊಂದನ್ನೇ ಹಬ್‌ನೊಳಗೆ ಎಳೆದು ಕೂರಿಸಿದಳು. ಚಕ್ರ ಹಾಕಿ, ಎದುರುಬದುರು ನಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದಳು. ಹಾಕಿಕೊಂಡಿದ್ದು ಮೆತ್ತನೆಯ ಮಾದರಿ ಎಂದಷ್ಟೇ ಕೆಲಸದ ನಡುವೆ ಹೇಳಿದಳು.

ಅದು ಕೇಳಿ ಅಮ್ಮ ಮಗನ ಮೇಲೆ ಶುರು ಮಾಡಿದಳು. "ಅವಳನ್ನ ಒಂದು ಮಾತು ಕೇಳಿ ಹಾಕೋಕೆ ನಿನಗೇನಾಗಿತ್ತು ದಾಡಿ? ಬುದ್ಧಿ ಯಾವತ್ತು ಬರುತ್ತೋ ನಿನಗೆ."

"ತಪ್ಪಾಯ್ತಮ್ಮಾ," ಅಂದ ತಮ್ಮ. ಅಕ್ಕನ ಮುಖ ನೋಡಲಿಲ್ಲ. "ಗೀರಿದೆಯಾ ಅಂತ ಟಾರ್ಚ್ ಹಾಕಿ ಎರಡೆರಡು ಸಲ ನೋಡ್ದೆ. ಇರಲಿಲ್ಲ. ಅಕ್ಕ ಮರೆಯೋಳಲ್ವಲ್ಲ, ಅದಕ್ಕೇ ಹಾಕ್ದೆ."

ಲೇತಕ್ಕನ ನಾಲಗೆಯ ತುದಿಯಲ್ಲಿ ಒಂಬತ್ತು ಮೈಲಿಯ ಬೈಗುಳ ಸಿದ್ಧವಾಗಿತ್ತು. ಬೈದಿದ್ದರೆ ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ, ಅಮ್ಮನೂ ನಾಲ್ಕು ಸೇರಿಸುತ್ತಿದ್ದಳು, ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಸ್ಪ್ಯಾನರ್ ಕೆಳಗಿಟ್ಟಳು.

"ಅವನನ್ನ ಬೈಬೇಡಮ್ಮಾ. ಗೀರು ಹಾಕದೇ ಇದ್ದೋಳು ನಾನು. ಮರೆತಿದ್ದೂ ಅಲ್ಲ. ತುಂಬ ಚೆಂದ ಬಂದಿತ್ತು, ಹಾಳು ಮಾಡೋಕೆ ಮನಸ್ಸಾಗ್ಲಿಲ್ಲ."

ಅಮ್ಮ ಕಿಟಕಿಯಿಂದ ಕೈ ಚಾಚಿದಳು. "ಕೊಡಿಲ್ಲಿ."

ಲೇತಕ್ಕ ಎರಡು ಮಾದರಿಗಳನ್ನೂ ಅಮ್ಮನ ಅಂಗೈಗೆ ಹಾಕಿದಳು. ಮೂವತ್ತು ವರ್ಷ ಲೇತಿನವನ ಜೊತೆ ಬಾಳಿದ ಹೆಂಗಸು. ಕಾಣದ ಕಣ್ಣನ್ನು ಮುಚ್ಚಿ, ಉಗುರಿನಿಂದ ಥ್ರೆಡ್ಡಿನ ಮೇಲೆ ತಲೆಯಿಂದ ತುದಿಯವರೆಗೆ ಹೋದಳು. ಬೆಂಡಾದ ಕತ್ತಿನ ಹತ್ತಿರ ಉಗುರು ನಿಂತಿತು.

"ಚೆನ್ನಾಗೇ ಮಾಡಿದ್ದೀಯ," ಅಂದಳು. "ಈಗ ಹಾಕು ಗೀರು."

ಲೇತಕ್ಕ ರಸ್ತೆ ಬದಿಯ ಕಲ್ಲಿನ ಮೇಲೆ ಅವನ್ನಿಟ್ಟು ಗರಗಸ ತೆಗೆದಳು. ತಮ್ಮ ಬಂದು ಬೆರಳಲ್ಲಿ ಒತ್ತಿ ಹಿಡಿದುಕೊಂಡ. ಎರಡಕ್ಕೂ ಗೀರು ಬಿತ್ತು. ಎರಡೂ ಸೊಟ್ಟಗಾದವು.