ನಾಲ್ಕನೆಯ ‘ಹೌದು’

ಸೋಮವಾರ, ಬೆಳಿಗ್ಗೆ ಹತ್ತೂವರೆ. ದಂಡಿಗನಹಳ್ಳಿಯಲ್ಲಿ, ತೀರಿಕೊಂಡ ಅಕ್ಕನನ್ನು ಅವರ ಮಗಳ ಮನೆಯ ನಡುಮನೆಯಲ್ಲಿ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಹತ್ತಿರ ಇದ್ದವರು ಮಗಳು, ಅಕ್ಕಪಕ್ಕದ ಐದಾರು ಹೆಂಗಸರು, ನಾನು. ಸೋಪು, ಸೋಡ, ಬಿಸಿನೀರಿಗೆ ಸಿಕ್ಕಿ ಅವರ ಎರಡು ಅಂಗೈಗಳೂ ಬಿರುಕು ಬಿಟ್ಟಿದ್ದವು. ಬಲ ಮೊಣಕೈಯ ಒಳಮಗ್ಗುಲು ಮಾತ್ರ ಮೆತ್ತಗೆ, ತಿಳಿಯಾಗಿ ಉಳಿದಿತ್ತು. ನೀರಿನ ಬಿಸಿಯನ್ನು ಅವರು ನೋಡುತ್ತಿದ್ದುದು ಅಲ್ಲಿಂದಲೇ. “ಅಂಗೈ ಸುಳ್ಳು ಯೋಳ್ತದೆ ಕಣವ್ವ, ಅದು ದಡ್ಡು ಕಟ್ಟೋಗದೆ. ಮೊಣಕೈ ಸುಳ್ಳು ಯೋಳಕಿಲ್ಲ” ಎನ್ನುತ್ತಿದ್ದರು.

ಹಾಸನದಲ್ಲಿ ನರ್ಸಿಂಗ್ ತರಬೇತಿ ಮುಗಿಸಿ ಹೊಳೆನರಸೀಪುರದ ಒಂದು ಸಣ್ಣ ಖಾಸಗಿ ಹೆರಿಗೆ ಆಸ್ಪತ್ರೆಗೆ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಆ ಆಸ್ಪತ್ರೆ ಈಗಿಲ್ಲ. ಅವರು ಅಲ್ಲಿ ಆಯಾ ಆಗಿದ್ದರು. ನಾನು ಬಾಡಿಗೆಗೆ ಹಿಡಿದ ಕೋಣೆ ಅವರ ಮನೆಗೆ ಅಂಟಿಕೊಂಡಿತ್ತು. ಅರಕಲಗೂಡು ಬಿಟ್ಟು ನಾನು ಒಬ್ಬಳೇ ಇದ್ದದ್ದು ಅದೇ ಮೊದಲು. ಮೊದಲ ತಿಂಗಳೇ ಜ್ವರ ಬಂತು. ಮೂರು ಹೊತ್ತೂ ಗಂಜಿ ತಂದು ಕುಡಿಸಿದರು, ಸಿಕ್ಕುಗಟ್ಟಿದ ತಲೆ ಬಾಚಿದರು. ಏನೆಂದು ಕರೆಯಲಿ ಎಂದು ಕೇಳಿದ್ದಕ್ಕೆ, “ಅಕ್ಕ ಅನ್ನು, ಬಾಯೇನ್ ಸವೆಯಕಿಲ್ಲ” ಎಂದರು.

ಬೆಳಿಗ್ಗೆ ಐದೂಮುಕ್ಕಾಲಿಗೆ ಇಬ್ಬರೂ ಒಟ್ಟಿಗೆ ಹೊರಡುತ್ತಿದ್ದೆವು. ಆಸ್ಪತ್ರೆಯ ಗೇಟು ದಾಟಿದ ಕೂಡಲೇ ಅವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನಾನು “ಏ ಆಯಾ, ಬಕೆಟ್ ತಾ” ಎನ್ನುತ್ತಿದ್ದೆ. ಹಾಗೆ ಕರೆಯಬೇಕೆಂದು ನನಗೆ ಯಾರೂ ಹೇಳಿಕೊಡಲಿಲ್ಲ. ಒಳಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಬಿಳಿ ಟೋಪಿ ಇಟ್ಟ ವಾರದಲ್ಲೇ ನನ್ನ ನಾಲಿಗೆ ತಾನಾಗಿ ಹಾಗೆ ತಿರುಗಿತು. ಅವರಿಗೆ ಅದೊಂದು ತಮಾಷೆ. “ಗೇಟಿಂದ ಒಳಕ್ಕೆ ಆಯಾ, ಈಚಿಗೆ ಬಂದ್ರೆ ಅಕ್ಕ. ಮರ್ತು ಒಳಗೇನಾದ್ರೂ ಅಕ್ಕ ಅಂದ್ಬುಟ್ಟೀಯ, ನಿನ್ ಟೋಪಿ ಬಿದ್ದೋದಾತು!” ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆಸ್ಪತ್ರೆಯಲ್ಲಿ ಅವರಿಗೆ ನೂರು ಕೆಲಸವಿದ್ದರೂ ತಮ್ಮದು ಎಂದುಕೊಂಡಿದ್ದದ್ದು ಒಂದೇ: ಹುಟ್ಟಿದ ಕೂಸುಗಳಿಗೆ ನೀರು ಹುಯ್ಯುವುದು. ಹಿತ್ತಲ ಬಾಯ್ಲರ್ ಪಕ್ಕ ಮಣೆ ಹಾಕಿ, ಕಾಲು ನೀಡಿ, ಮೊಣಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡರೆ ಮಾತು ಶುರು. “ಯಾಕ್ಲಾ ಅಂಗೆ ಬಡ್ಕತೀಯ? ನಿಮ್ಮಪ್ಪ ಮೈ ತೊಳ್ದು ಎಷ್ಟ್ ದಿನ ಆತೋ, ನೀನಾದ್ರೂ ತೊಳ್ಕಳ್ಲಾ.” ಮೂರನೆಯ ತಂಬಿಗೆಗೆ ಕೂಸು ಸುಮ್ಮನಾಗುತ್ತಿತ್ತು. ಊರಿನವರು ಮನೆಗೆ ಹೋದ ಮೇಲೂ ಬಾಣಂತನ ಮುಗಿಯುವವರೆಗೆ ಅವರನ್ನೇ ಕರೆಸುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಮೀಸೆ ಬಂದವನನ್ನು ತೋರಿಸಿ, “ಈ ಮೂಗು ನಾನ್ ತಿದ್ದಿದ್ದು, ನೋಡು ಎಂಗದೆ” ಎನ್ನುತ್ತಿದ್ದರು.

ನಾನು ಸೇರಿದ ನಾಲ್ಕನೆಯ ವರ್ಷದ ಒಂದು ಬೆಳಿಗ್ಗೆ. ತೂಕ ಕಡಿಮೆ ಇದ್ದ ಕೂಸೊಂದಕ್ಕೆ ಕಾವು ಕೊಡಲು ಬಿಸಿನೀರಿನ ರಬ್ಬರ್ ಚೀಲ ಇಡಬೇಕಿತ್ತು. ಆರು ಗಂಟೆ ಹತ್ತು ನಿಮಿಷಕ್ಕೆ ಚೀಲ ತುಂಬಿದವರು ನಮ್ಮ ದೊಡ್ಡ ಸಿಸ್ಟರ್. ಮೇಲೆ ಬಟ್ಟೆ ಸುತ್ತುವುದನ್ನು ಮರೆತರು. ನಾನು ಪಕ್ಕದ ಮೇಜಿನಲ್ಲಿ ಜ್ವರದ ಚಾರ್ಟ್ ಬರೆಯುತ್ತಿದ್ದೆ, ಕಣ್ಣಾರೆ ಕಂಡೆ. ಕಿಟಕಿಯಾಚೆ ಬಾಯ್ಲರ್ ಹತ್ತಿರ ಅಕ್ಕ ಅವಳಿ ಕೂಸುಗಳಿಗೆ ನೀರು ಹುಯ್ಯುತ್ತಿದ್ದರು. ಅದನ್ನೂ ಕಂಡೆ.

ಎಂಟೂವರೆಗೆ ರೌಂಡ್ಸ್. ಕೂಸಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ತಾಯಿ ಅಳುತ್ತಿದ್ದಳು. ನಾವು ನಾಲ್ವರು ನರ್ಸುಗಳು ದರ್ಜೆಯ ಪ್ರಕಾರ ಸಾಲಾಗಿ ನಿಂತಿದ್ದೆವು. ಕೊನೆಯವಳು ನಾನು.

“ಚೀಲ ತುಂಬಿದ್ದು ಯಾರು? ಆಯಾನಾ?” ಎಂದರು ಡಾಕ್ಟರು.

“ಹೌದು ಸರ್” ಎಂದರು ದೊಡ್ಡ ಸಿಸ್ಟರ್.

ಎರಡನೆಯವಳು “ಹೌದು ಸರ್.” ಮೂರನೆಯವಳು “ಹೌದು ಸರ್.” ಇವರಿಬ್ಬರೂ ಆರಕ್ಕೆ ಡ್ಯೂಟಿಗೇ ಬಂದಿರಲಿಲ್ಲ. ಡಾಕ್ಟರ ಕಣ್ಣು ನನ್ನ ಮೇಲೆ ಬಂತು. ಯಾರೂ ನನ್ನನ್ನು ಹೆದರಿಸಿರಲಿಲ್ಲ, ಯಾರೂ ಕಣ್ಸನ್ನೆ ಮಾಡಿರಲಿಲ್ಲ. ಮೂವರು ಒಂದು ಮಾತು ಹೇಳಿದ ಮೇಲೆ ಬೇರೆ ಮಾತು ಬಾಯಿಗೆ ಬರಲಿಲ್ಲ, ಅಷ್ಟೇ.

“ಹೌದು ಸರ್” ಎಂದೆ.

ಅಕ್ಕನನ್ನು ಕರೆಸಿದರು. “ನಾನ್ ಇತ್ತಲಲ್ಲಿ ಜೋಡಿ ಕೂಸ್ಗೆ ನೀರುಯ್ತಿದ್ದೆ ಸಾ.”

“ಹಾಗಾದ್ರೆ ಈ ನಾಲ್ಕು ಜನ ಸುಳ್ಳು ಹೇಳ್ತಾರಾ?”

ಅಕ್ಕ ನಮ್ಮನ್ನು ಒಬ್ಬೊಬ್ಬರಾಗಿ ನೋಡಿದರು. ಅವರ ಕಣ್ಣು ನನ್ನ ಮುಖದ ಮೇಲೆ ಸ್ವಲ್ಪ ಹೊತ್ತು ನಿಂತಿತು. ನಾನು ಕೈಯಲ್ಲಿದ್ದ ಚಾರ್ಟ್ ನೋಡಿದೆ.

ಮಧ್ಯಾಹ್ನ ಹನ್ನೆರಡಕ್ಕೆ ಹೇಳಿಕೆ ಬರೆದುಕೊಟ್ಟೆವು. ‘ಆಯಾ ಗಡಿಬಿಡಿಯಲ್ಲಿದ್ದಳು’ ಎಂದು ನಾನು ಬರೆದೆ. ಹಾಗೆ ಬರೆ ಎಂದು ಯಾರೂ ಹೇಳಿರಲಿಲ್ಲ. ಬರೆಯುವಾಗ ಅವರು ಸೆರಗು ಸಿಕ್ಕಿಸಿಕೊಂಡು ಅವಸರದಲ್ಲಿ ಚೀಲ ತುಂಬುತ್ತಿದ್ದದ್ದು ನನ್ನ ಕಣ್ಣಿಗೆ ನಿಜವಾಗಿ ಕಟ್ಟಿತು. ಒಂದು ವಾರ ನಾನೂ ಅದನ್ನು ನಂಬಿದ್ದೆ.

ಕೂಸಿನ ಹಿಮ್ಮಡಿಯ ಗಾಯ ಮೂರು ವಾರದಲ್ಲಿ ಮಾಯಿತು. ಅಕ್ಕನನ್ನು ಬಟ್ಟೆ ಒಗೆಯುವ ಕಡೆಗೆ ಹಾಕಿದರು. ಕೂಸು ಮುಟ್ಟಕೂಡದು ಎಂದು ಆಜ್ಞೆಯಾಯಿತು. ಊರಿಗೂ ಸುದ್ದಿ ಹಬ್ಬಿತು. ಬಾಣಂತಿ ಮನೆಗಳಿಂದ ಕರೆ ಬರುವುದು ನಿಂತಿತು.

ಹೇಳಿಕೆ ಬರೆದುಕೊಟ್ಟ ಮೂರನೆಯ ದಿನ ಬೆಳಿಗ್ಗೆ, ಎಂದಿನಂತೆ ಒಟ್ಟಿಗೆ ಹೋಗುವಾಗ ಗೇಟಿನ ಈಚೆ ನಿಂತು ಕೇಳಿದರು: “ನೀನ್ ನನ್ನ ನೋಡಿದ್ದೆ ಅಲ್ವೇನವ್ವ, ಬಾಯ್ಲರ್ ತಾವ?”

“ಡ್ಯೂಟಿಗೆ ಹೊತ್ತಾಯ್ತು ಅಕ್ಕ” ಎಂದೆ.

ಮರುದಿನದಿಂದ ಅವರು ಮನೆಯಿಂದಲೇ ಎರಡು ಹೆಜ್ಜೆ ಹಿಂದೆ ನಡೆದರು. ಬೀದಿಯಲ್ಲೂ “ಸಿಸ್ಟ್ರೆ” ಎಂದರು. ಎರಡು ತಿಂಗಳಲ್ಲಿ ನಾನು ಬೇರೆ ಕೋಣೆ ನೋಡಿಕೊಂಡೆ. ಮುಂದೆ ಹಾಸನಕ್ಕೆ ಬಂದು ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದೆ. ಒಂದು ದಿನವೂ ತಡವಾಗಿ ಹೋದವಳಲ್ಲ. ಅಕ್ಕ ಮಗಳ ಮನೆ ಸೇರಿದ್ದ ದಂಡಿಗನಹಳ್ಳಿಗೆ ಬಸ್ಸಿದೆ, ಸೀಟು ಸಿಗುತ್ತದೆ. ನಾನು ಹೋಗಲಿಲ್ಲ.

ಸಾವಿನ ಸುದ್ದಿ ಕೇಳಿ ಹೋದ ಸೋಮವಾರ, ಆ ಹೆಂಗಸರ ನಡುವೆ ಮುದುಕಿಯೊಬ್ಬರು ಮಾತು ತೆಗೆದರು: “ಕೈಗುಣ ಒಳ್ಳೇದು. ಪಾಪ, ಅದೊಂದ್ ಕೂಸ್ನ ಸುಟ್ಟಿದ್ದು ಬುಟ್ರೆ.” ಪಕ್ಕದವರು “ಊ ಕಣೆ, ಯಾವ್ದೋ ಗಳಿಗೆ” ಎಂದರು. ಇನ್ನೊಬ್ಬರು ತಲೆಯಾಡಿಸಿದರು. ಆಮೇಲೆ ಮುದುಕಿ ನನ್ನ ಕಡೆ ತಿರುಗಿ, “ಜತೇಲಿದ್ದೋರಲ್ವಾ ನೀವು, ಅಂಗೇ ಅಲ್ವಾ ಸಿಸ್ಟ್ರೆ?” ಎಂದರು.

“ಅಲ್ಲ” ಎಂದೆ. ನಿಂತುಕೊಂಡೇ ಎಲ್ಲ ಹೇಳಿದೆ. ತುಂಬಿದವರು ಯಾರು, ಅಕ್ಕ ಆಗ ಎಲ್ಲಿದ್ದರು, ನಾನು ಏನು ಬರೆದುಕೊಟ್ಟೆ. ಐದು ನಿಮಿಷವೂ ಹಿಡಿಯಲಿಲ್ಲ.

ಮಗಳು ಅಳು ನಿಲ್ಲಿಸಿದ್ದಳು. “ಆ ಡಾಕ್ಟ್ರು ಇನ್ನೂ ಅವ್ರಾ?”

“ಇಲ್ಲ. ತೀರಿಕೊಂಡರು.”

“ದೊಡ್ಡ ಸಿಸ್ಟ್ರು?”

“ಅವರೂ ಇಲ್ಲ.”

“ಮತ್ ಇವಾಗ ಯಾರಿಗ್ ಯೋಳ್ತಿದ್ದೀರ?”

ಅವಳು ಅವ್ವನ ಕಡೆ ನೋಡುತ್ತ ಮೆಲ್ಲಗೆ ಹೇಳತೊಡಗಿದಳು. “ನನ್ ಎರಡ್ ಮಕ್ಳಿಗೂ ನೀರುಯ್ಯಕ್ ಬಿಡ್ನಿಲ್ಲ ನಾನು. ಎಲ್ರೂ ಯೋಳವ್ರಲ್ಲ ಅಂತ. ಅವ್ವ ಒಂದಿನಾನೂ ನಾನಲ್ಲ ಅಂತ ಜಗಳ ಆಡ್ನಿಲ್ಲ. ಬಚ್ಚಲ ಬಾಗ್ಲಲ್ಲಿ ಟವಲ್ ಇಡ್ಕಂಡ್ ನಿಂತ್ಕಳದು. ‘ನಾಕ್ ಜನ ಓದಿರೋರು ಯೋಳವ್ರೆ ಕಣೆ, ನಾನೇ ತುಂಬಿದ್ನೇನೋ, ನಂಗೇ ಗ್ಯಾನ ಇಲ್ವೇನೋ. ನೀನೇ ಉಯ್ಕೊ’ ಅನ್ನದು.”

ಗೇಟಿನ ಬಳಿ ಅಕ್ಕ ನನ್ನ ಮೇಲೆ ತಪ್ಪು ಹೊರಿಸಿದರೆಂದೇ ಇಷ್ಟು ವರ್ಷ ತಿಳಿದಿದ್ದೆ. ತಾವು ನಿಜಕ್ಕೂ ಬಾಯ್ಲರ್ ಹತ್ತಿರ ಇದ್ದರೋ ಇಲ್ಲವೋ ಎಂಬುದು ಅವರಿಗೇ ಗೊತ್ತಾಗಬೇಕಿತ್ತು, ಅದಕ್ಕೇ ಕೇಳಿದ್ದರು. ನಾನು ಹೌದು ಎಂದು ಒಂದು ಮಾತು ಅಂದಿದ್ದರೆ, ಆಜ್ಞೆ ಬದಲಾಗದಿದ್ದರೂ, ಅವರು ತಮ್ಮನ್ನು ತಾವು ನಂಬಿಕೊಂಡು ಬದುಕುತ್ತಿದ್ದರು.

ಎರಡೂವರೆಗೆ ಗಂಡಸರು ಅಕ್ಕನನ್ನು ಹೊತ್ತುಕೊಂಡು ಹೊಲದ ಕಡೆ ನಡೆದರು. ಹಿಂದೆ ಉಳಿದ ಹೆಂಗಸರು ಮನೆ ತೊಳೆಯಬೇಕು. ನಾನು ಪೊರಕೆಗೆ ಕೈ ಹಾಕಿದೆ. “ಅದು ಮನೆಯೋರ ಕೆಲ್ಸ, ಬುಡಿ” ಎಂದಳು ಮಗಳು. ಆಮೇಲೆ, ನನ್ನ ಮುಖ ನೋಡದೆ, “ನೀರಾದ್ರೆ ತಂದ್ಕೊಡಿ” ಎಂದಳು. ಬೀದಿಯ ನೀರಿನ ತೊಂಬೆಯಿಂದ ಹನ್ನೊಂದು ಕೊಡ ತಂದು ಹೊಸಿಲಿನ ಆಚೆ ಇಟ್ಟೆ. ಅವಳು ಒಂದೊಂದೇ ಒಳಗೆ ತೆಗೆದುಕೊಂಡಳು. ನಾಲ್ಕೂಕಾಲಿಗೆ ನೆಲ ತೊಳೆದು ಮುಗಿಯಿತು. ಖಾಲಿ ಕೊಡಗಳನ್ನು ಕವುಚಿ ಹಾಕಿ ಬಸ್ಸಿಗೆ ಹೊರಟೆ.